ದಿನನಿತ್ಯದ ಚಿತ್ರಗಳಿಗೂ ಒಂದು ಮೂಲೆ ಬೇಕು

ಮಾನ್ಯ ಸಂಪಾದಕರಿಗೆ,

ವಿಶ್ವ ಛಾಯಾಗ್ರಹಣ ದಿನದ ಅಂಗವಾಗಿ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದುಗರು ಕಳುಹಿಸಿದ ಛಾಯಾಚಿತ್ರಗಳಲ್ಲಿ ಒಂಬತ್ತನ್ನು ಆಯ್ದು, ಎರಡು ಪುಟ ತುಂಬ ಬಣ್ಣದಲ್ಲಿ ಪ್ರಕಟಿಸಿದ್ದೀರಿ. ಅವುಗಳನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ. ಕಬಿನಿಯ ಹಿನ್ನೀರಿಗೆ ಇಳಿದ ಹುಲಿ, ತುಂಬಿ ಧುಮ್ಮಿಕ್ಕುವ ಜೋಗ, ಸೂರ್ಯೋದಯದಲ್ಲಿ ಹಂಪಿಯ ಕಲ್ಲಿನ ರಥ, ಸೂರ್ಯಾಸ್ತದಲ್ಲಿ ಅದೇ ರಥ, ಮೀನು ಕಚ್ಚಿಕೊಂಡ ಮಿಂಚುಳ್ಳಿ, ಮಂಜು ಮುಸುಕಿದ ಮುಳ್ಳಯ್ಯನಗಿರಿ, ಕೆಸರು ಚಿಮ್ಮಿಸುವ ಕಂಬಳದ ಕೋಣ, ಯಕ್ಷಗಾನದ ಬಣ್ಣದ ವೇಷ, ಕೊನೆಯಲ್ಲಿ ಹಣ್ಣುಹಣ್ಣು ಮುದುಕಿಯೊಬ್ಬರ ಸುಕ್ಕುಗಟ್ಟಿದ ಮುಖ. ಎಲ್ಲವೂ ಶ್ರಮಪಟ್ಟು ತೆಗೆದ ಚಿತ್ರಗಳೇ, ಅವುಗಳಲ್ಲಿ ಮಿಂಚುಳ್ಳಿಯಂತೂ ಈ ಕಸುಬಿನಲ್ಲಿ ಕೂದಲು ನರೆತ ನನ್ನಂಥವನಿಗೂ ಹೊಟ್ಟೆಕಿಚ್ಚು ಹುಟ್ಟಿಸುವಷ್ಟು ಚೆನ್ನಾಗಿದೆ. ಆದರೆ ಈ ಒಂಬತ್ತರಲ್ಲಿ ಒಂದಾದರೂ ಅದನ್ನು ತೆಗೆದವರ ಮನೆಯ ಬಾಗಿಲಿನಿಂದ ನೂರು ಹೆಜ್ಜೆಯೊಳಗಿನದು ಇದ್ದಂತೆ ತೋರಲಿಲ್ಲ. ಇದು ಈ ವರ್ಷದ ಮಾತಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಹಿಂದಿನ ವರ್ಷಗಳ ಪುರವಣಿಗಳನ್ನೂ ತೆಗೆದಿಟ್ಟುಕೊಂಡಿದ್ದೇನೆ, ಅವುಗಳಲ್ಲಿಯೂ ಹುಲಿ, ಜಲಪಾತ ಮತ್ತು ರಥ ತಮ್ಮ ತಮ್ಮ ಜಾಗ ಬಿಟ್ಟುಕೊಟ್ಟಿಲ್ಲ.

ಓದುಗರು ತಾವು ದಿನವೂ ಬದುಕುವ ಬದುಕಿನ ಚಿತ್ರಗಳನ್ನು ತಮಗೆ ಕಳುಹಿಸುತ್ತಿಲ್ಲವೋ, ಅಥವಾ ಕಳುಹಿಸಿದರೂ ಅವು ಆಯ್ಕೆಯಾಗುತ್ತಿಲ್ಲವೋ ನಾನು ಹೇಳಲಾರೆ. ಅಂಥ ಚಿತ್ರಗಳಿಗೆಂದೇ ತಮ್ಮ ಪತ್ರಿಕೆಯಲ್ಲಿ ವಾರಕ್ಕೊಂದು ಸಣ್ಣ ಜಾಗವಿರಬೇಕೆಂಬುದು ನನ್ನ ಕೋರಿಕೆ. ಅದಕ್ಕೆ ಕಾರಣವನ್ನು ಕೊಂಚ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಾನು ಈ ಮಾತನ್ನು ತಪ್ಪು ಮಾಡಿ ಕಲಿತವನು.

1979ರಿಂದ 2014ರವರೆಗೆ, ಒಟ್ಟು 35 ವರ್ಷ, ನಾನು ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ನಡೆಸಿದೆ. ಮುಂದೆ ಹತ್ತಡಿ ಅಗಲದ ಮಳಿಗೆ, ಹಿಂದೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಡಾರ್ಕ್ ರೂಮ್, ನಡುವೆ ಎರಡು ಪರದೆ. ಒಂದು ಪರದೆಯ ಮೇಲೆ ಕಾಶ್ಮೀರದ ಸರೋವರ, ಇನ್ನೊಂದರ ಮೇಲೆ ಮೆಟ್ಟಿಲುಗಳಿರುವ ಬಂಗಲೆ. ಗಿರಾಕಿಗಳಿಗೆಂದು ಗೋಡೆಯ ಮೊಳೆಗೆ ಒಂದು ಕೋಟು, ಎರಡು ಟೈ, ನಡೆಯದ ಕೈಗಡಿಯಾರ, ಬಾಚಣಿಗೆ ಮತ್ತು ಪೌಡರ್ ಡಬ್ಬಿ ಇರುತ್ತಿದ್ದವು. ಮೇಜಿನ ಮೇಲೊಂದು ತಂತಿಯಿಲ್ಲದ ಕಪ್ಪು ಟೆಲಿಫೋನೂ ಇತ್ತು. ತೋಟದಲ್ಲಿ ಕಾಯಿ ಕೆಡವಿಸಿ, ಸಂತೆ ಮುಗಿಸಿ, ಕೊಬ್ಬರಿ ಮಾರಿದ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಬಂದ ಮನುಷ್ಯನ ಮೈಮೇಲಿನ ಧೂಳು ಒರೆಸಿ, ತಲೆ ಬಾಚಿಸಿ, ಕೋಟು ತೊಡಿಸಿ ಕಾಶ್ಮೀರದ ಮುಂದೆ ನಿಲ್ಲಿಸುವುದೇ ನನ್ನ ಕೆಲಸವಾಗಿತ್ತು. ಅವರಿಗೂ ಅದೇ ಬೇಕಿತ್ತು. ದಿನವೂ ಇರುವ ಹಾಗೆಯೇ ಕಾಣಬೇಕಿದ್ದರೆ ದುಡ್ಡು ಕೊಟ್ಟು ಫೋಟೋ ಏಕೆ ತೆಗೆಸಬೇಕು? ಆ ಪ್ರಶ್ನೆ ಅಂದಿಗೆ ಸರಿಯಾದದ್ದೇ. 120 ಸೈಜಿನ ಒಂದು ರೋಲಿಗೆ ಹನ್ನೆರಡೇ ಚಿತ್ರ. ನನ್ನ ಯಾಶಿಕಾ ಕ್ಯಾಮೆರಾಕ್ಕೆ ಹಾಕುತ್ತಿದ್ದ ಓರ್ವೋ ರೋಲಾಗಲಿ, ಊಟಿಯ ಕಾರ್ಖಾನೆಯಿಂದ ಬರುತ್ತಿದ್ದ ಇಂದು ರೋಲಾಗಲಿ ಅಗ್ಗವಾಗಿರಲಿಲ್ಲ. ಹನ್ನೆರಡರಲ್ಲಿ ಒಂದನ್ನು ಹಿತ್ತಿಲಿನ ಕಲ್ಲಿಗೋ ಬಚ್ಚಲಿನ ಹಂಡೆಗೋ ಖರ್ಚು ಮಾಡುವವನನ್ನು ಜನ ಹುಚ್ಚನೆಂದೇ ಕರೆಯುತ್ತಿದ್ದರು.

ಇದರ ಜೊತೆಗೆ ರೀಟಚಿಂಗ್ ಎಂಬ ಇನ್ನೊಂದು ಕೆಲಸವಿತ್ತು. ಇಂದಿನ ಮೊಬೈಲು ಕೇಳದೆಯೇ ಮುಖವನ್ನು ನುಣುಪು ಮಾಡಿಕೊಡುತ್ತದೆ. ಆಗ ಅದನ್ನು ನಾವು ಕೈಯಿಂದ ಮಾಡುತ್ತಿದ್ದೆವು. ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಸೂಜಿಯಂತೆ ಚೂಪು ಮಾಡಿದ ಸೀಸದ ಕಡ್ಡಿಯಿಂದ ಮುಖದ ಕುಳಿಗಳನ್ನು ಒಂದೊಂದಾಗಿ ತುಂಬಬೇಕು. ತುಂಬಿದ ಕಡೆ ಪ್ರಿಂಟಿನಲ್ಲಿ ನೆರಳು ಮಾಯವಾಗುತ್ತದೆ. ಕೊನೆಯ ಸಿಡುಬು ಪ್ರಕರಣ ನಮ್ಮ ದೇಶದಲ್ಲಿ ವರದಿಯಾದದ್ದು 1975ರಲ್ಲಿ. ಹಾಗಾಗಿ ನಾನು ಅಂಗಡಿ ತೆರೆದಾಗ ನಡುವಯಸ್ಸು ದಾಟಿದವರಲ್ಲಿ ಅನೇಕರ ಮುಖದಲ್ಲಿ ಆ ಕಲೆಗಳಿದ್ದವು. ಎಷ್ಟು ಮುಖಗಳ ಸಿಡುಬಿನ ಕಲೆಗಳನ್ನು ನಾನು ಅಳಿಸಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಈಗ ಒಂದು ಪ್ರಸಂಗ ಹೇಳುತ್ತೇನೆ. 2009ರ ಸುಮಾರಿನಲ್ಲಿ ಮೂವತ್ತು ದಾಟಿದ ಒಬ್ಬ ಹುಡುಗ ಹಳೆಯ ಆಲ್ಬಂ ಒಂದನ್ನು ಕಂಕುಳಲ್ಲಿ ಹಿಡಿದು ಅಂಗಡಿಗೆ ಬಂದ. 1983ರಲ್ಲಿ ಅವರ ಹಳ್ಳಿಯ ಮನೆಯಲ್ಲಿಯೇ, ಅಂಗಳದಲ್ಲಿ ಚಪ್ಪರ ಹಾಕಿ ನಡೆದ ಅವನ ಚಿಕ್ಕಪ್ಪನ ಮದುವೆಯ ಆಲ್ಬಂ ಅದು. ಚಿತ್ರಗಳನ್ನು ತೆಗೆದವನು ನಾನು. ಅಕ್ಷತೆ ಹಾಕುವ ಒಂದು ಚಿತ್ರವನ್ನು ತೋರಿಸಿ, ಇದರ ನೆಗೆಟಿವ್ ಸಿಗುತ್ತದೆಯೇ ಎಂದು ಕೇಳಿದ. ನಾನು ನೆಗೆಟಿವುಗಳನ್ನು ಬಿಲ್ ನಂಬರು ಬರೆದ ಲಕೋಟೆಗಳಲ್ಲಿ ಇಟ್ಟಿದ್ದವನಾದ್ದರಿಂದ ಅರ್ಧ ದಿನ ಹುಡುಕಿದ ಮೇಲೆ ಅದು ಸಿಕ್ಕಿತು. ಎಷ್ಟು ಸೈಜಿನ ಪ್ರಿಂಟ್ ಬೇಕು ಎಂದೆ. ಅವನು ಆಲ್ಬಮ್ಮಿನ ಚಿತ್ರದ ಮೇಲೆ ಅಂಗೈ ಇಟ್ಟು ವಧು, ವರ, ಪುರೋಹಿತರು, ಅಕ್ಷತೆ ಹಿಡಿದ ನೆಂಟರು ಎಲ್ಲರನ್ನೂ ಮುಚ್ಚಿಬಿಟ್ಟ. ಎಡ ಅಂಚಿನಲ್ಲಿ ಎರಡು ಬೆರಳಗಲ ಮಾತ್ರ ಉಳಿಯಿತು. "ಇಷ್ಟೇ ಸಾಕು ಸಾರ್, ಇದನ್ನೇ ದೊಡ್ಡದು ಮಾಡಿಕೊಡಿ," ಎಂದ.

ಅಲ್ಲಿ ಅಡುಗೆಮನೆಯ ತೆರೆದ ಬಾಗಿಲು, ಬಾಗಿಲಿನೊಳಗೆ ನೆಲದ ಮೇಲೆ ಅವನ ಅಜ್ಜಿ. ಒಂದು ಮೊಣಕಾಲು ಎತ್ತಿ, ಇನ್ನೊಂದು ಕಾಲನ್ನು ಈಳಿಗೆ ಮಣೆಯ ಮೇಲೆ ಊರಿ, ಬೂದುಗುಂಬಳದ ಹೋಳನ್ನು ಎರಡೂ ಕೈಯಿಂದ ಹಿಡಿದು ಅಲಗಿಗೆ ಒತ್ತುತ್ತಿದ್ದಾರೆ. ನನ್ನ ಫ್ಲಾಶಿನ ಬೆಳಕು ವಧೂವರರ ಮೇಲೆಯೇ ಮುಗಿದುಹೋಗಿ ಅಡುಗೆಮನೆಯವರೆಗೆ ತಲುಪಿಲ್ಲ. ಹಿತ್ತಿಲ ಬಾಗಿಲಿನಿಂದ ಬಂದ ಬೆಳಗಿನ ಬೆಳಕು ಮಾತ್ರ ಅಜ್ಜಿಯ ಒಂದು ಕೆನ್ನೆ, ಭುಜ, ಕುಂಬಳದ ಬಿಳಿಯ ಮೈ ಮತ್ತು ಪಕ್ಕದ ಹಿತ್ತಾಳೆ ಕೊಳಗದ ಕಂಠದ ಮೇಲೆ ಬಿದ್ದಿದೆ. ಷಟರ್ ವೇಗ ಕಡಿಮೆಯಿದ್ದುದರಿಂದ ಕೈಗಳು ಕೊಂಚ ಕದಲಿವೆ, ಮುಖ ಕದಲಿಲ್ಲ. ಮನೆಯಲ್ಲಿ ಮಗನಿಗೆ ಅಕ್ಷತೆ ಬೀಳುತ್ತಿರುವಾಗ ಆಕೆಗೆ ಹುಳಿಗೆ ಹೋಳು ಸಾಲದ ಚಿಂತೆ ಇರಬೇಕು, ಈ ಕಡೆ ತಿರುಗಿಯೂ ನೋಡಿಲ್ಲ. ಅಂದು ಕ್ಯಾಮೆರಾದ ಗಾಜಿನಲ್ಲಿ ಆ ಬಾಗಿಲು ಕಂಡಾಗ, ಯಾರಾದರೂ ಅದನ್ನು ಮುಚ್ಚಬಾರದೇ ಎಂದು ನಾನು ಸಿಡಿಮಿಡಿಗೊಂಡದ್ದೂ, ಪ್ರಿಂಟ್ ಹಾಕುವಾಗ ಎಡಭಾಗವನ್ನು ಕತ್ತರಿಸಿದರಾಯಿತು ಎಂದುಕೊಂಡು ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಮರೆತದ್ದೂ ನನಗೆ ಚೆನ್ನಾಗಿ ನೆನಪಿದೆ.

"ಮನೆಯಲ್ಲಿ ಅಜ್ಜಿಯ ಬೇರೆ ಫೋಟೋ ಇಲ್ಲವೇ?" ಎಂದು ಕೇಳಿದೆ. ಇದೆ, ನಡುಮನೆಯಲ್ಲಿ ಹಾರ ಹಾಕಿದ್ದೇವೆ, ಆದರೆ ಅದರಲ್ಲಿರುವವರು ಯಾರೋ ಬೇರೆಯವರ ಹಾಗೆ ಕಾಣುತ್ತಾರೆ, ನಮ್ಮಜ್ಜಿಯ ಮುಖದಲ್ಲಿ ಸಿಡುಬಿನ ಕಲೆ ಇದ್ದವು ಎಂದ. ಆ ಫೋಟೋ ಎಲ್ಲಿ ತೆಗೆಸಿದ್ದು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಅದು ಆ ಪರದೆಯ ಮುಂದೆ, ಆ ಸೀಸದ ಕಡ್ಡಿಯ ಕೈಕೆಳಗೆ ಆದ ಕೆಲಸವೇ.

ಆ ಎರಡು ಬೆರಳಗಲದ ಭಾಗವನ್ನು ಹನ್ನೆರಡು ಅಂಗುಲ ಎತ್ತರಕ್ಕೆ ದೊಡ್ಡದು ಮಾಡಿಕೊಟ್ಟೆ. ಕಾಳುಕಾಳಾಗಿ ಬಂದರೂ ಚಿತ್ರ ನಿಂತಿತು. ನನ್ನ ಅಂಗಡಿಯಿಂದ ಹೊರಗೆ ಹೋದ ಸಾವಿರಾರು ಚಿತ್ರಗಳಲ್ಲಿ ನಿಜವಾಗಿ ಚೆನ್ನಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ಅದನ್ನೇ ಹೆಸರಿಸುತ್ತೇನೆ, ಅದನ್ನು ತೆಗೆದವನೆಂಬ ಕೀರ್ತಿ ನನಗೆ ಸಲ್ಲದಿದ್ದರೂ.

ಛಾಯಾಗ್ರಹಣದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ನಾವು ಆಗಸ್ಟ್ 19ನ್ನು ಆಚರಿಸುವುದು 1839ರ ಆ ದಿನ ಫ್ರಾನ್ಸಿನಲ್ಲಿ ಡಾಗೇರ್ ಎಂಬವರ, ತಗಡಿನ ಮೇಲೆ ಚಿತ್ರ ಹಿಡಿಯುವ ವಿಧಾನವನ್ನು ಲೋಕದ ಮುಂದಿಟ್ಟ ನೆನಪಿಗೆ. ಅದಕ್ಕೂ ಹನ್ನೆರಡು ಹದಿಮೂರು ವರ್ಷ ಮೊದಲು, 1826 ಅಥವಾ 1827ರಲ್ಲಿ, ಅದೇ ದೇಶದ ನಿಯೆಪ್ಸ್ ಎಂಬವರು ಲೋಹದ ತಗಡಿಗೆ ಡಾಂಬರಿನ ಜಾತಿಯ ಲೇಪ ಹಚ್ಚಿ, ಗಂಟೆಗಟ್ಟಲೆ ಬಿಸಿಲಿಗೆ ಒಡ್ಡಿ ಪಡೆದ ಚಿತ್ರವೇ ಇಂದು ಉಳಿದಿರುವ ಕ್ಯಾಮೆರಾ ಚಿತ್ರಗಳಲ್ಲಿ ಅತ್ಯಂತ ಹಳೆಯದು. ಅದರಲ್ಲಿ ಅರಮನೆಯಿಲ್ಲ, ಚರ್ಚಿಲ್ಲ. ಅವರ ಮನೆಯ ಮಹಡಿಯ ಕಿಟಕಿಯಿಂದ ದಿನವೂ ಕಾಣುತ್ತಿದ್ದ ಕೊಟ್ಟಿಗೆಯ ಸೂರು ಮತ್ತು ಪಕ್ಕದ ಗೋಡೆಗಳಿವೆ. ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದಾಗ, ತಗಡಿಗೆ ಬೆಳಕು ಹಿಡಿಯಲು ಹಲವು ನಿಮಿಷ ಬೇಕಾದ್ದರಿಂದ ಓಡಾಡುತ್ತಿದ್ದ ಜನರೂ ಗಾಡಿಗಳೂ ಅದರಲ್ಲಿ ಮೂಡಲೇ ಇಲ್ಲ. ಬೀದಿಯ ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿ ನಿಂತಿದ್ದವನೊಬ್ಬ ಮಾತ್ರ ಅಷ್ಟು ಹೊತ್ತು ಕದಲದೆ ನಿಂತು ಚಿತ್ರದಲ್ಲಿ ಉಳಿದ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಅವನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅವನ ಕಾಲಬಳಿ ಮಸುಕಾಗಿ ಕಾಣುವ ಪಾಲಿಶ್‌ನವನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ತಕರಾರು.

ನಮ್ಮ ನಾಡಿಗೆ ಬಂದ ಕ್ಯಾಮೆರಾ ಮಾತ್ರ ಮೊದಲಿನಿಂದಲೂ ದೊಡ್ಡದನ್ನೇ ಹುಡುಕಿತು. 1854ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದರು. 1856ರಲ್ಲಿ ಇನ್ನೊಬ್ಬ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವುಗಳಲ್ಲಿ ಹಿಡಿದರು. ಅಂದಿನ ಹಂಪಿ ಹೇಗಿತ್ತೆಂದು ನಮಗೆ ತಿಳಿಯುವುದು ಅವರ ಶ್ರಮದಿಂದ, ಅದರ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದೇ ವರ್ಷ ಆ ಕಲ್ಲುಗಳ ನಡುವೆ ಬೆಂಕಿ ಹಚ್ಚಿ ರೊಟ್ಟಿ ಬಡಿಯುತ್ತಿದ್ದವರ ಮನೆಯೊಳಗೆ ಯಾವ ಪಾತ್ರೆಗಳಿದ್ದವು, ನೀರಿನ ಕೊಡ ಎಲ್ಲಿ ಇಡುತ್ತಿದ್ದರು ಎಂಬುದು ಆ ಚಿತ್ರಗಳಿಂದ ತಿಳಿಯುವುದಿಲ್ಲ. ರಥ ಇಂದಿಗೂ ಅಲ್ಲೇ ನಿಂತಿದೆ, ನಾಳೆಯೂ ತೆಗೆಯಬಹುದು.

ಈ ದಾರಿ ಬಿಟ್ಟು ನಡೆದವರು ನಮ್ಮಲ್ಲಿಯೇ ಇದ್ದರು. ಮೈಸೂರಿನವರಾದ ಟಿ.ಎಸ್. ಸತ್ಯನ್ ಅವರ (1923–2009) ಹೆಸರನ್ನು ತಮ್ಮ ಪುರವಣಿ ಒಮ್ಮೆಯೂ ನೆನೆಯದಿದ್ದುದು ನನಗೆ ಕೊಂಚ ನೋವಿನ ಸಂಗತಿ. ದೊಡ್ಡವರ ಚಿತ್ರಗಳನ್ನು ತೆಗೆಯುವ ಅವಕಾಶ ಪತ್ರಿಕಾ ಛಾಯಾಗ್ರಾಹಕರಾದ ಅವರಿಗೆ ಕಡಿಮೆಯಿರಲಿಲ್ಲ. ಆದರೂ ಅವರ ಕ್ಯಾಮೆರಾ ಮರಳಿ ಮರಳಿ ಹೋದದ್ದು ಶಾಲೆಯ ಮಕ್ಕಳ ಕಡೆಗೆ, ಬೀದಿಬದಿಯ ಕಸುಬಿನವರ ಕಡೆಗೆ, ಕೆಲಸದ ನಡುವೆ ನಗುವ ಹೆಂಗಸರ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಅವರು ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ನಾನು ಪೆಟ್ಟಿಗೆಯ ಮುಂದೆ ಕುಳಿತು ಸಿಡುಬಿನ ಕಲೆ ಅಳಿಸುತ್ತಿದ್ದ ಕಾಲಕ್ಕೆ ನಮ್ಮದೇ ಸೀಮೆಯ ಒಬ್ಬರು ಅದೇ ರೋಗದ ಮುಖಗಳನ್ನು ಇದ್ದಂತೆ ತೋರಿಸಿ ಮುಗಿಸಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಂಗಡಿ ಮುಚ್ಚಿದ ಮೇಲೆ ನಾಲ್ಕಾರು ತಿಂಗಳು ಕ್ಯಾಮೆರಾವನ್ನು ಮುಟ್ಟಲಿಲ್ಲ. ಮಗಳು ಹೊರದೇಶದಿಂದ ಬರುವಾಗ ಒಂದು ಒಳ್ಳೆಯ ಮೊಬೈಲು ತಂದುಕೊಟ್ಟಳು. ವಾರಕ್ಕೊಮ್ಮೆ ವೀಡಿಯೋದಲ್ಲಿ ಮಾತಾಡುವಾಗ ಅವಳು ನಮ್ಮ ಮುಖ ನೋಡಿ ಮುಗಿಸಿದ ಮೇಲೆ, "ಅಪ್ಪಾ, ಫೋನನ್ನ ಹಾಗೇ ಹಿತ್ತಿಲ ಕಡೆ ತಿರುಗಿಸಿ," ಎನ್ನುವಳು. ತೊಟ್ಟಿಯ ನಲ್ಲಿ ಇನ್ನೂ ಸೋರುತ್ತಿದೆಯೇ, ಕರಿಬೇವು ಎಷ್ಟು ಎತ್ತರ ಬಂತು, ಪಕ್ಕದ ಮನೆಯವರು ಸುಣ್ಣ ಹೊಡೆಸಿದರೇ ಎಂದು ಕೇಳುವಳು. ಅವಳು ಜೋಗದ ಚಿತ್ರವನ್ನು ಒಮ್ಮೆಯೂ ಕೇಳಲಿಲ್ಲ. ಅಂದಿನಿಂದ ಅವಳಿಗೆ ಕಳುಹಿಸಲೆಂದು ದಿನಕ್ಕೊಂದು ಚಿತ್ರ ತೆಗೆಯಲು ಆರಂಭಿಸಿದೆ. ಮೊದಲ ತಿಂಗಳು ಬಹಳ ಕಷ್ಟವಾಯಿತು. ಬೇರೆಯವರ ಮದುವೆಯಲ್ಲಿ ಚಿತ್ರ ಎಲ್ಲಿದೆಯೆಂದು ತಟ್ಟನೆ ಗೊತ್ತಾಗುತ್ತಿದ್ದ ನನ್ನ ಕಣ್ಣಿಗೆ ನಮ್ಮ ಮನೆಯ ಅಡುಗೆಕಟ್ಟೆಯಲ್ಲಿ ಏನೂ ಕಾಣಲಿಲ್ಲ. ಒಮ್ಮೆ ತಂತಿಯ ಮೇಲೆ ಒಣಗಲು ಹಾಕಿದ ಸೀರೆಯ ಹಿಂದಿನಿಂದ ಬಿಸಿಲು ಬಂದು, ಅದರ ಅಂಚಿನ ನೆರಳು ಗೋಡೆಯ ಮೇಲೆ ಬಿದ್ದದ್ದನ್ನು ಬಗ್ಗಿ ತೆಗೆಯುತ್ತಿದ್ದೆ. ನಮ್ಮ ಮನೆಯವರು, "ರೀ, ಮಳೆ ಬರೋ ಹಾಗಿದೆ, ಫೋಟೋ ಆಮೇಲೆ ತೆಗೀರಿ, ಮೊದಲು ಬಟ್ಟೆ ಎತ್ತಿಕೊಂಡು ಬನ್ನಿ," ಎಂದರು. ಚಿತ್ರವೂ ಕೆಟ್ಟಿತು, ಬಟ್ಟೆಯೂ ನೆನೆಯಿತು.

ಕ್ರಮೇಣ ಕಣ್ಣು ಪಳಗಿತು. ಅದು ಹೇಗೆ ಪಳಗಿತೆಂದು ಯೋಚಿಸಿದಾಗ, ವಸ್ತುವನ್ನು ಹುಡುಕುವುದನ್ನು ಬಿಟ್ಟು ಬೆಳಕನ್ನು ಹುಡುಕಲು ತೊಡಗಿದ್ದೇ ಕಾರಣವೆಂದು ತೋರುತ್ತದೆ. ನಮ್ಮ ಅಡುಗೆಮನೆಯ ಹೆಂಚಿನ ನಡುವೆ ಒಂದು ಗಾಜಿನ ಹೆಂಚಿದೆ. ಚಳಿಗಾಲದಲ್ಲಿ ಸೂರ್ಯ ತೆಂಕಲಿಗೆ ಸರಿದಾಗ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಅದರಿಂದ ಇಳಿದ ಬಿಸಿಲಿನ ಕೋಲು ಗೋಡೆಯ ಮೇಲಿನ ಸಾಂಬಾರದ ಡಬ್ಬಿಗಳ ಸಾಲನ್ನು ಒಂದೊಂದಾಗಿ ಮುಟ್ಟುತ್ತ, ಒಂಬತ್ತು ಗಂಟೆಗೆಲ್ಲ ನೆಲಕ್ಕೆ ಇಳಿದುಬಿಡುತ್ತದೆ. ಒಗ್ಗರಣೆಯ ಹೊಗೆ ಆ ಅರ್ಧ ಗಂಟೆಯೊಳಗೆ ಎದ್ದರೆ ಆ ಕೋಲು ಕಣ್ಣಿಗೆ ಕಾಣುತ್ತದೆ, ಆಮೇಲೆ ಎದ್ದರೆ ಬರಿಯ ಕೆಮ್ಮು. ನಲವತ್ತು ವರ್ಷ ಆ ಮನೆಯಲ್ಲಿ ತಿಂಡಿ ತಿಂದವನು ಇದನ್ನು ಗಮನಿಸಿದ್ದು ಅರವತ್ತು ದಾಟಿದ ಮೇಲೆ.

ನಮ್ಮೂರಿನ ಕೊಬ್ಬರಿಯ ಕೆಲಸವನ್ನೂ ಹೀಗೆಯೇ ನೋಡಲು ಕಲಿತೆ. ತೆಂಗಿನಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಹಾಕಿಟ್ಟರೆ ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ಸುಲಿಸುವ ದಿನ ಒಬ್ಬರ ತೋಟದ ಮನೆಯಲ್ಲಿ ಎರಡು ಗಂಟೆ ಕುಳಿತಿದ್ದೆ. ವಯಸ್ಸಾದ ಆಳೊಬ್ಬರು ಪ್ರತಿಯೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲುಗಿಸಿ, ಗಿಟುಕು ಲಟಲಟ ಎಂದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ ಹಾಕುತ್ತಿದ್ದರು. ಅಲುಗಿಸುವ ಆ ಗಳಿಗೆಯಲ್ಲಿ ಅವರ ಕಣ್ಣುಗಳು ಅರ್ಧ ಮುಚ್ಚುತ್ತಿದ್ದವು, ಮುಖ ಸಂಗೀತ ಕೇಳುವವರ ಮುಖದಂತೆ ಆಗುತ್ತಿತ್ತು. ಸೂರಿನ ಸಂದಿಯಿಂದ ಬಂದ ಬೆಳಕಿನಲ್ಲಿ ನಾರಿನ ಧೂಳು ತೇಲುತ್ತಿತ್ತು. ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಒಂದರಲ್ಲಿ ಮಾತ್ರ ಕಾಯಿ, ಕಿವಿ, ಅರೆಮುಚ್ಚಿದ ಕಣ್ಣು ಮೂರೂ ಕೂಡಿಬಂದವು. ಅದೇ ಜಿಲ್ಲೆಯಲ್ಲಿ ಹುಟ್ಟಿ, ಅಂಥವರನ್ನೇ ಕೋಟು ತೊಡಿಸಿ ನಿಲ್ಲಿಸಿದವನು ನಾನು.

ತಮ್ಮ ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಕಸುಬಿನ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಮೊಬೈಲಿನ ಗಾಜನ್ನು ಪಂಚೆಯ ತುದಿಯಿಂದಾದರೂ ಒರೆಸಿಕೊಳ್ಳಿ, ಮಸುಕು ಚಿತ್ರಗಳಲ್ಲಿ ಎಷ್ಟೋ ಬೆರಳ ಜಿಡ್ಡಿನ ಪ್ರಸಾದ. ಫ್ಲಾಶ್ ಆರಿಸಿ, ಮುಖ ನುಣುಪು ಮಾಡುವ ಏರ್ಪಾಟನ್ನೂ ಆರಿಸಿ. ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಪರದೆಯ ಮೇಲೆ ಬೆಳಕು ಹೆಚ್ಚಿರುವ ಕಡೆ ಬೆರಳು ಮುಟ್ಟಿಸಿ, ಬೆಳಕನ್ನು ಸ್ವಲ್ಪ ತಗ್ಗಿಸಿದರೆ ನೆರಳು ನೆರಳಾಗಿಯೇ ಉಳಿಯುತ್ತದೆ. ನಡುಹಗಲಿನ ನೆತ್ತಿ ಬಿಸಿಲಿನಲ್ಲಿ ಮನೆಯೊಳಗಿನ ಬಾಗಿಲಬದಿಯೇ ಒಳ್ಳೆಯದು.

ಈ ಬಗೆಯ ಚಿತ್ರಗಳಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ತಮ್ಮ ಪುರವಣಿಯ ಒಂಬತ್ತನೆಯ ಚಿತ್ರವನ್ನೇ ತೆಗೆದುಕೊಳ್ಳಿ. ಆ ಮುದುಕಿಯ ಸುಕ್ಕುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿವೆ, ಆದರೆ ಆಕೆ ಯಾರು, ಯಾವ ಊರು, ಏನು ಕೆಲಸ ಮಾಡಿ ಆ ಮುಖ ಹಾಗಾಯಿತು ಎಂಬುದಕ್ಕೆ ಒಂದಕ್ಷರವಿಲ್ಲ. ಕೆಳಗೆ "ಜೀವನದ ಹಾದಿ" ಎಂಬ ಶೀರ್ಷಿಕೆ ಮಾತ್ರ ಇದೆ. ನಾನು ಅಂದು ಸೀಸದ ಕಡ್ಡಿಯಿಂದ ಕಲೆ ಅಳಿಸಿದೆ. ಈಗಿನವರು ಕಂಪ್ಯೂಟರಿನಲ್ಲಿ ಅದೇ ಕಲೆಯನ್ನು ಇನ್ನಷ್ಟು ಕಪ್ಪಾಗಿಸಿ ಬಹುಮಾನಕ್ಕೆ ಕಳುಹಿಸುತ್ತಾರೆ. ಎರಡರಲ್ಲಿಯೂ ಮನುಷ್ಯರು ಪರದೆಯ ಮುಂದೆಯೇ ನಿಂತಿದ್ದಾರೆಂದು ನನಗೆ ಅನ್ನಿಸುತ್ತದೆ. ಬಡತನವನ್ನು ಅಂದವಾಗಿ ತೋರಿಸುವುದೇ ದಿನನಿತ್ಯದ ಚೆಲುವನ್ನು ಕಾಣುವುದೆಂದು ತಿಳಿಯುವವರು ಬಹಳ ಮಂದಿ. ಬಲೆ ಬೀಸುವವರಿಗೆ ದುಡ್ಡು ಕೊಟ್ಟು, ಸೂರ್ಯ ಸರಿಯಾದ ಜಾಗಕ್ಕೆ ಬರುವವರೆಗೆ ಬಲೆ ಬೀಸಿಸಿ ತೆಗೆದ ಚಿತ್ರಗಳೂ ಸಹಜ ಬದುಕಿನ ಚಿತ್ರಗಳೆಂದು ಪ್ರದರ್ಶನಗಳಲ್ಲಿ ತೂಗುತ್ತವೆ. ಅದಕ್ಕಾಗಿಯೇ ನಾನು ಆರಂಭವನ್ನು ತಮ್ಮ ತಮ್ಮ ಮನೆಯಿಂದ ಮಾಡಿರೆಂದು ಹೇಳುವುದು. ನಮ್ಮ ಮನೆಯವರನ್ನು ತೆಗೆಯುವಾಗ ಅವರು ಕಂಡಂತೆ ಕಾಣಿಸದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೇ ವಿಮರ್ಶೆ ಸಿಗುತ್ತದೆ.

ಹೊರಗಿನವರನ್ನು ತೆಗೆಯುವಾಗ ಕೇಳಿಯೇ ತೆಗೆಯಬೇಕು. ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರ ಬುಟ್ಟಿಯ ಮೇಲೆ ನೀರು ಚಿಮುಕಿಸುವ ಕೈಯ ಚಿತ್ರಕ್ಕಾಗಿ ಕೇಳಿದಾಗ, "ಬ್ಯಾಡ ಸ್ವಾಮಿ, ಅದನ್ನೆಲ್ಲ ಯಾರ್ಯಾರೋ ನೋಡ್ತಾರೆ," ಎಂದು ಸೆರಗು ಸರಿಪಡಿಸಿಕೊಂಡರು. ಸರಿ ಎಂದು ಸುಮ್ಮನಾದೆ. ಎರಡು ತಿಂಗಳಾದ ಮೇಲೆ ಅವರೇ ಕರೆದು, ಮೊಮ್ಮಗುವನ್ನು ಬುಟ್ಟಿಯ ಪಕ್ಕ ಕೂರಿಸಿಕೊಂಡು, ಈಗ ತೆಗೆಯಿರಿ ಎಂದರು. ಆ ಚಿತ್ರದಲ್ಲಿ ಇಬ್ಬರೂ ನೆಟ್ಟಗೆ ಕುಳಿತು ಕ್ಯಾಮೆರಾ ನೋಡುತ್ತಿದ್ದಾರೆ, ನಾನು ಬಯಸಿದ ಕೈ ಅದರಲ್ಲಿಲ್ಲ. ಪ್ರಿಂಟ್ ಹಾಕಿಸಿ ಕೊಟ್ಟಿದ್ದೇನೆ.

ಇನ್ನು ನನ್ನ ಕೋರಿಕೆಗೆ ಬರುತ್ತೇನೆ. ವಾರಕ್ಕೊಂದು ಚಿತ್ರ ಸಾಕು, ಒಳಪುಟದ ಎರಡು ಕಾಲಂ ಅಗಲ ಸಾಕು, ಬಣ್ಣವೂ ಬೇಕಿಲ್ಲ. ಸ್ಪರ್ಧೆ, ಬಹುಮಾನ ಖಂಡಿತ ಬೇಡ, ಬಹುಮಾನ ಬಂದೊಡನೆ ಹುಲಿಯೂ ಬರುತ್ತದೆ. ಒಂದು ಷರತ್ತು ಮಾತ್ರ ಇರಲಿ: ಚಿತ್ರ ಕಳುಹಿಸುವವರು ಅದರೊಂದಿಗೆ ಯಾವ ಊರು, ಯಾವ ದಿನ, ಯಾರು ಏನು ಮಾಡುತ್ತಿದ್ದಾರೆ ಎಂಬುದನ್ನೂ, ಚಿತ್ರದಲ್ಲಿರುವ ವಸ್ತುಗಳನ್ನು ತಮ್ಮ ಮನೆಯಲ್ಲಿ ಏನೆಂದು ಕರೆಯುತ್ತಾರೆಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆಯಬೇಕು. ಇದರಲ್ಲಿ ಪತ್ರಿಕೆಗೂ ಲಾಭವಿದೆ. ನಮ್ಮ ಕಡೆಯ ಈಳಿಗೆ ಮಣೆ ಕರಾವಳಿಯಲ್ಲಿ ಮೆಟ್ಟುಗತ್ತಿ, ಧಾರವಾಡದ ಕಡೆ ಇಳಿಗಿ. ನಮ್ಮ ಮೊರಕ್ಕೆ ಇನ್ನೊಂದು ಸೀಮೆಯಲ್ಲಿ ಗೆರಸೆ ಎಂದು ಹೆಸರು. ಈ ವಸ್ತುಗಳು ಅಡುಗೆಮನೆಗಳಿಂದ ಒಂದೊಂದಾಗಿ ಅಟ್ಟ ಸೇರುತ್ತಿವೆ, ಹೆಸರುಗಳೂ ಜೊತೆಗೇ ಹತ್ತುತ್ತಿವೆ. ನಿಘಂಟಿನಲ್ಲಿ ಅರ್ಥ ಸಿಕ್ಕರೂ ಕಾಲನ್ನು ಎಲ್ಲಿ ಊರಿ ಕೂರುತ್ತಿದ್ದರೆಂಬುದು ಸಿಗುವುದಿಲ್ಲ. ಹಳೆಯದರ ಚಿತ್ರವೇ ಆಗಬೇಕೆಂದೂ ನನ್ನ ಮಾತಿನ ಅರ್ಥವಲ್ಲ. ಮುಂಜಾನೆ ಹಾಲಿನ ಡೈರಿಯ ಮುಂದೆ ಜನರ ಬದಲಿಗೆ ಸ್ಟೀಲಿನ ಕ್ಯಾನುಗಳೇ ಸಾಲಾಗಿ ನಿಂತು, ಅವುಗಳ ಒಡೆಯರು ಜಗಲಿಯ ಮೇಲೆ ಹರಟುತ್ತ ಕುಳಿತಿರುವುದು, ಬಸ್‌ಸ್ಟ್ಯಾಂಡಿನ ಚಾರ್ಜಿಂಗ್ ಅಂಗಡಿಯಲ್ಲಿ ಜೇನುಹುಟ್ಟಿನಂತೆ ನೇತಾಡುವ ವೈರುಗಳು, ಟ್ಯೂಷನ್ ಮನೆಯ ಬಾಗಿಲಲ್ಲಿ ರಾಶಿ ಬಿದ್ದ ಮಕ್ಕಳ ಚಪ್ಪಲಿ, ಇವೆಲ್ಲ ಇಂದಿನವೇ. ಮೂವತ್ತು ವರ್ಷದ ಮೇಲೆ ಯಾರೋ ಒಬ್ಬರು ಇವುಗಳ ಮೇಲೆ ಬೆರಳಿಟ್ಟು, ಇಷ್ಟನ್ನೇ ದೊಡ್ಡದು ಮಾಡಿಕೊಡಿ ಎಂದು ಕೇಳಬಹುದು.

ಮೊಬೈಲಿನಲ್ಲಿ ಎಲ್ಲರೂ ದಿನವೂ ತೆಗೆಯುತ್ತಲೇ ಇದ್ದಾರಲ್ಲ, ಪತ್ರಿಕೆಯ ಹಂಗೇಕೆ ಎಂದು ಕೇಳುವವರಿರಬಹುದು. ನನ್ನ ಅನುಭವದಲ್ಲಿ, 1983ರ ನೆಗೆಟಿವ್ ಲಕೋಟೆಯಲ್ಲಿ ಸಿಕ್ಕಿತು. ನಾನೇ 2016ರಲ್ಲಿ ತೆಗೆದ ಚಿತ್ರಗಳು ಹಳೆಯ ಮೊಬೈಲು ನೀರಿಗೆ ಬಿದ್ದ ದಿನ ಹೋದವು. ಅಚ್ಚಾಗಿ, ದಿನಾಂಕದೊಂದಿಗೆ ಗ್ರಂಥಾಲಯಗಳಲ್ಲಿ ಕಟ್ಟಿಟ್ಟ ಪತ್ರಿಕೆಯೊಳಗೆ ಉಳಿಯುವುದು ಬೇರೆಯೇ ಬಗೆಯ ಉಳಿಯುವಿಕೆ.

ಮೇಲ್ಪಂಕ್ತಿಗೆ ಇರಲೆಂದು ನನ್ನದೇ ಒಂದು ಚಿತ್ರವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ತಿಪಟೂರು, ನಮ್ಮ ಮನೆಯ ಅಡುಗೆಮನೆ, ಕಳೆದ ಪುಷ್ಯಮಾಸದ ಒಂದು ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಗಾಜಿನ ಹೆಂಚಿನ ಬಿಸಿಲು ಮೂರನೆಯ ಡಬ್ಬಿಯ ಮೇಲಿದೆ. ಅದರಲ್ಲಿರುವುದು ಹುಳಿಪುಡಿ, ಮುಚ್ಚಳ ಬೇರೆ ಡಬ್ಬಿಯದು. ಎಡ ಅಂಚಿನಲ್ಲಿ ಒಂದು ಕೈ ಮತ್ತು ಎರಡು ಬಳೆ ಮಾತ್ರ ಕಾಣುತ್ತವೆ, ಒಗ್ಗರಣೆಗೆ ಸಾಸಿವೆ ಹಾಕುತ್ತಿರುವ ನಮ್ಮ ಮನೆಯವರದು. ಅವರ ಒಪ್ಪಿಗೆ ಪಡೆದಿದ್ದೇನೆ. ಪುಟ ಕಟ್ಟುವಾಗ ಅಗಲ ಹೊಂದದಿದ್ದರೆ ಬಲಗಡೆಯ ಗೋಡೆಯನ್ನು ಎಷ್ಟು ಬೇಕಾದರೂ ಕಡಿಮೆ ಮಾಡಿಕೊಳ್ಳಬಹುದು, ಎಡಗಡೆಯನ್ನು ದಯವಿಟ್ಟು ಕತ್ತರಿಸಬೇಡಿರೆಂದು ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ಸ್ಟುಡಿಯೋ ಛಾಯಾಗ್ರಾಹಕ, ತಿಪಟೂರು